ದೊಡ್ಡ ಮಿಷಿನ್ ಕಟ್ಟಕಡೆಗೆ

ಹೋದ ವಾರ ಟ್ರಂಕಿನ ತಳದಿಂದ ಉಣ್ಣೆಯ ಶಾಲು ಎಳೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗಾದರೆ ಆ ವಾಸನೆಗೆ ಅಜ್ಜಿಯ ರೇಷ್ಮೆ ಸೀರೆಯೋ ಅಪ್ಪನ ಮದುವೆಯ ಕೋಟೋ ನೆನಪಾಗಬೇಕು. ನನಗೆ ನೆನಪಾಗುವುದು ಇಪ್ಪತ್ತು ಫ್ಲಾಪಿಗಳು. ನೆನಪಾದ ಕೂಡಲೇ ಸಿಟ್ಟೂ ಬರುತ್ತದೆ, ಇಷ್ಟು ವರ್ಷವಾದ ಮೇಲೂ. ಶಾಲನ್ನು ಬಿಸಿಲಿಗೆ ಹರವಿ ಬಂದು ಕೂತೆ. ಅವತ್ತು ಮತ್ತೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ನಾನು ಶಿವಮೊಗ್ಗದ ವಿದ್ಯಾನಗರದ ಮನೆಯಿಂದ ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ, ಅಲ್ಲಿನ ಒಂದು ಸಣ್ಣ ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಕೆಲಸ ತಾತ್ಕಾಲಿಕ. ಶಂಕರಘಟ್ಟದಿಂದ ವಿಶ್ವವಿದ್ಯಾಲಯದವರು ಬಂದು ಲ್ಯಾಬ್ ನೋಡಿ ಒಪ್ಪಿದರೆ ಆ ವರ್ಷದಿಂದ ಪ್ರಾಕ್ಟಿಕಲ್ ಪರೀಕ್ಷೆ ನಮ್ಮಲ್ಲೇ ನಡೆಯುತ್ತದೆ, ಆಗ ನಿನ್ನ ಕೆಲಸ ಖಾಯಂ ಎಂದು ಕಾಲೇಜಿನ ಸೆಕ್ರೆಟರಿ ರುದ್ರಪ್ಪನವರು ಹೇಳಿದ್ದರು. ಒಪ್ಪದಿದ್ದರೆ ಏನು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಲ್ಯಾಬಿನಲ್ಲಿದ್ದದ್ದು ಇಪ್ಪತ್ತು ಕಂಪ್ಯೂಟರ್. ಒಂದಕ್ಕೂ ಹಾರ್ಡ್ ಡಿಸ್ಕ್ ಇಲ್ಲ. ರುದ್ರಪ್ಪನವರು ಅಕ್ಕಿ ಗಿರಣಿ ನಡೆಸಿ ಪಳಗಿದವರು. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಗಲ್ಲಿಯ ಅಂಗಡಿಯವನೊಬ್ಬ ಹೀಗೂ ಮಾಡಬಹುದು, ಅಗ್ಗ ಬೀಳುತ್ತದೆ ಎಂದದ್ದೇ ತಡ, ಒಪ್ಪಿ ಬಂದುಬಿಟ್ಟಿದ್ದರು. ನಾನು ಮುಖ ಸಣ್ಣದು ಮಾಡಿದ್ದು ನೋಡಿ, "ಅಲ್ಲ ಕಣಮ್ಮ, ಹಾರ್ಡ್ ಡಿಸ್ಕ್ ಇದ್ರೆ ತಾನೇ ಕೆಡೋದು? ಇಲ್ದೇ ಇರೋದು ಹೆಂಗೆ ಕೆಡತ್ತೆ, ಹೇಳು ನೋಡಣ" ಎಂದು ನನ್ನನ್ನೇ ಕೇಳಿದರು.

ಇಂಥ ಕಂಪ್ಯೂಟರಿಗೆ ಸ್ವಿಚ್ ಒತ್ತಿದ ಗಳಿಗೆಯಲ್ಲಿ ತಾನು ಯಾರೆಂದೇ ಗೊತ್ತಿರುವುದಿಲ್ಲ. ಅದರ ಬಾಯಿಗೆ ಒಂದು ಫ್ಲಾಪಿ ಇಟ್ಟಿರುತ್ತೇವೆ. ಫ್ಲಾಪಿಯಲ್ಲಿರುವ ಚೋಟುದ್ದದ ಪ್ರೋಗ್ರಾಂ ಮೊದಲು ನೆಟ್‌ವರ್ಕ್ ಕಾರ್ಡನ್ನು ಎಬ್ಬಿಸಿ, ತಂತಿಯ ಮೇಲೆ "ನನ್ನ ಕಾರ್ಡಿನ ನಂಬರು ಇಂಥದ್ದು, ನನ್ನ ವಿಳಾಸ ಏನು?" ಎಂದು ಕೂಗುತ್ತದೆ. ಒಳಕೋಣೆಯಲ್ಲಿರುವ ದೊಡ್ಡ ಕಂಪ್ಯೂಟರ್, ಅಂದರೆ ಸರ್ವರ್, ನಾನು ಬರೆದಿಟ್ಟ ಪಟ್ಟಿ ನೋಡಿ, "ನೀನು ಹದಿಮೂರನೆಯವನು, ಇಗೋ ನಿನ್ನ ವಿಳಾಸ, ಇಗೋ ನಿನ್ನ ಸಾಮಾನು" ಎಂದು ಮಿಕ್ಕಿದ್ದೆಲ್ಲ ಕಳಿಸುತ್ತದೆ. ಅಲ್ಲಿಂದಾಚೆಗೆ ಅದು ಕಂಪ್ಯೂಟರ್. ಐದಾರು ಸಲ ಕೂಗಿಯೂ ಉತ್ತರ ಬರದಿದ್ದರೆ, ಸರ್ವರ್ ಸಿಗಲಿಲ್ಲ ಎಂದು ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಯಾರಾದರೂ ಬಂದು ಸ್ವಿಚ್ ಆರಿಸಿ ಮತ್ತೆ ಹಾಕುವವರೆಗೆ ಮಿಸುಕುವುದಿಲ್ಲ.

ಆ ಫ್ಲಾಪಿಗಳದ್ದೇ ಒಂದು ಗೋಳು. ಜುಲೈ ಬಂತೆಂದರೆ ಅವಕ್ಕೆ ಬೂಸ್ಟು ಹಿಡಿಯುತ್ತಿತ್ತು. ಮನೆಯಲ್ಲಿ ಹೇಳಿಕೊಂಡು ಗೊಣಗಿದೆ. ಅಮ್ಮ ರೊಟ್ಟಿ ತಟ್ಟುತ್ತಲೇ, "ಒಂದು ಡಬ್ಬಿಗೆ ನುಸಿಗುಳಿಗೆ ಹಾಕಿ ಇಡು ಮಾರಾಯ್ತಿ. ಸೀರೆಗೆ ಆಗತ್ತೆ, ನಿನ್ ಫ್ಲಾಪಿಗೆ ಆಗಲ್ವಾ?" ಎಂದಳು. ಅವಳ ಮಾತಿನಂತೆ ಸ್ಟೀಲಿನ ಡಬ್ಬಿ ತಂದೆ, ಗುಳಿಗೆ ಹಾಕಿದೆ. ಬೂಸ್ಟು ನಿಜಕ್ಕೂ ಕಡಿಮೆಯಾಯಿತು. ಲ್ಯಾಬಿಗೆ ಬಂದ ಹುಡುಗಿಯರು ಮಾತ್ರ ಮೂಗು ಮುಚ್ಚಿಕೊಂಡೇ ಪಾಠ ಕೇಳುತ್ತಿದ್ದರು.

ಬೆಳಿಗ್ಗೆ ಲ್ಯಾಬ್ ತೆರೆಯುವ ಕೆಲಸ ಅಟೆಂಡರ್ ಆರುಮುಗಂ ಅವರದ್ದು. ಐವತ್ತು ದಾಟಿದ ಮನುಷ್ಯ. ಊರಿನ ಕಾರ್ಖಾನೆಯೊಂದರಲ್ಲಿ ಅದಿರು ಸಾಗಿಸುವ ಬೆಲ್ಟುಗಳ ಮೇಲೆ ಮೂವತ್ತು ವರ್ಷ ದುಡಿದು, ಸ್ವಯಂ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದ ಮೇಲೆ ಆ ಜೂನಿನಲ್ಲಿ ನಮ್ಮಲ್ಲಿಗೆ ಬಂದಿದ್ದರು. ಅವರ ಅಪ್ಪ ಸೇಲಂ ಕಡೆಯಿಂದ ಬಂದವರಾದರೂ ಇವರು ಓದಿದ್ದು ಭದ್ರಾವತಿಯ ಕನ್ನಡ ಶಾಲೆಯಲ್ಲಿ. ಖಾಕಿ ಅಂಗಿಗೆ ಇಸ್ತ್ರಿ ಮಾಡಿಕೊಂಡು ಎಂಟಕ್ಕೇ ಬಂದು, ಒಂದೊಂದು ಕಂಪ್ಯೂಟರನ್ನೂ ಹಳೇ ಪಂಚೆಯ ತುಂಡಿನಿಂದ ಒರೆಸಿ, ಫ್ಲಾಪಿ ಇಟ್ಟು, ಸ್ವಿಚ್ ಹಾಕಿ, ನಾನು ಬರುವಷ್ಟರಲ್ಲಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ನನ್ನ ಬಸ್ಸು ಬರುತ್ತಿದ್ದದ್ದು ಒಂಬತ್ತಕ್ಕೆ. ಮೊದಲ ದಿನವೇ ನಾನು ಅವರಿಗೆ ಗತ್ತಿನಿಂದ ಹೇಳಿದ್ದೆ: "ಸ್ವಿಚ್ ಹಾಕಿ ಸಾಕು. ಅದಾದ್ಮೇಲೆ ಏನೂ ಮುಟ್ಟಬೇಡಿ." ಅವರು ಆಗಲಿ ಎಂದಿದ್ದರು.

ರೋಗ ಶುರುವಾದದ್ದು ಮಳೆಗಾಲದ ಜೊತೆಗೇ. ದಿನಾ ಬೆಳಿಗ್ಗೆ ನಾನು ಒಳಗೆ ಕಾಲಿಟ್ಟರೆ ಗೋಡೆ ಪಕ್ಕದ ಸಾಲಿನ ಎಂಟು ಕಂಪ್ಯೂಟರುಗಳು ಕಪ್ಪು ಪರದೆ ಹೊತ್ತು ಕೂತಿರುತ್ತಿದ್ದವು. ಕಿಟಕಿ ಕಡೆಯ ಸಾಲುಗಳು ಹೆಚ್ಚಿನ ದಿನ ನೆಟ್ಟಗೆ ಎದ್ದಿರುತ್ತಿದ್ದವು. ಒಂದೊಂದು ದಿನ ಇಪ್ಪತ್ತಕ್ಕೆ ಇಪ್ಪತ್ತೂ ಮಲಗಿರುತ್ತಿದ್ದವು.

"ಸರ್ವರ್ ಆನ್ ಮಾಡಿದ್ರಾ ಆರುಮುಗಂ?"

"ಮಾಡಿದೀನಿ ಮೇಡಂ."

ಹೋಗಿ ನೋಡಿದರೆ ಸರ್ವರ್ ಓಡುತ್ತಲೇ ಇರುತ್ತಿತ್ತು. ಹೊರಗೆ ಬಂದು ನಾನು ಒಂದೊಂದರ ಸ್ವಿಚ್ಚನ್ನೂ ಆರಿಸಿ ಮತ್ತೆ ಹಾಕುತ್ತಿದ್ದೆ. ಏನೂ ಆಗದವರ ಹಾಗೆ ಎಲ್ಲವೂ ಎದ್ದು ಕೂರುತ್ತಿದ್ದವು! ಆರುಮುಗಂ ಹಿಂದೆ ನಿಂತು, "ನಿಮ್ಮ ಕೈಗುಣ ಮೇಡಂ. ನಾನು ಹಾಕಿದ್ರೆ ಏಳಲ್ಲ, ನೀವು ಹಾಕಿದ್ರೆ ಎದ್ದೇಳ್ತವೆ" ಎನ್ನುತ್ತಿದ್ದರು. ಅವರು ಹಾಸ್ಯಕ್ಕೆ ಹೇಳುತ್ತಿರಲಿಲ್ಲ. ಮೊದಮೊದಲು ನನಗೆ ನಗು ಬರುತ್ತಿತ್ತು, ಆಮೇಲೆ ಮೈ ಉರಿಯತೊಡಗಿತು. ಇಷ್ಟರಲ್ಲಿ ಮೊದಲ ತರಗತಿಯ ಅರ್ಧ ಗಂಟೆ ಹೋಗಿರುತ್ತಿತ್ತು.

ಆ ಗೋಡೆ ಒದ್ದೆಯಾಗುತ್ತಿತ್ತು, ಅದು ನಿಜ. ಸುಣ್ಣ ಹಪ್ಪಳದಂತೆ ಎದ್ದಿತ್ತು. ನೀರು ಕೇಬಲ್ಲಿಗೆ ಇಳಿದಿದೆ ಎಂದು ತೀರ್ಮಾನಿಸಿ ಆ ಸಾಲಿನ ಕೇಬಲ್ ಪೂರ್ತಿ ಕಿತ್ತು ಹೊಸದು ಎಳೆಸಿದೆ. ಮರುದಿನವೂ ಅದೇ ಎಂಟು ಮಲಗಿದ್ದವು. ಕಾರ್ಡುಗಳು ಕೆಟ್ಟಿರಬೇಕೆಂದು ಕಿಟಕಿ ಸಾಲಿನ ಕಾರ್ಡುಗಳನ್ನು ಗೋಡೆ ಸಾಲಿಗೆ ಹಾಕಿದೆ. ಕಾರ್ಡು ಬದಲಾದರೆ ಅದರ ನಂಬರೂ ಬದಲಾಗುತ್ತದೆ. ಹನ್ನೆರಡು ಅಕ್ಷರದ ಆ ನಂಬರುಗಳನ್ನು ಭೂತಗನ್ನಡಿ ಹಿಡಿದು ಓದಿ, ಸರ್ವರಿನ ಪಟ್ಟಿಯನ್ನು ಮೊದಲಿನಿಂದ ಬರೆದೆ. ಕಿಟಕಿ ಸಾಲಿಗೆ ಹೋದ 'ಕೆಟ್ಟ' ಕಾರ್ಡುಗಳು ಅಲ್ಲಿ ಚೆನ್ನಾಗಿಯೇ ಇದ್ದವು, ಗೋಡೆ ಸಾಲಿಗೆ ಬಂದ ಒಳ್ಳೆಯವು ಮಲಗಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಮೂರು ತಿಂಗಳು ಕಂಡಕಂಡದ್ದಕ್ಕೆಲ್ಲ ಬರೆ ಹಾಕಿದೆ.

ಸಲಹೆಗಳಿಗೇನೂ ಬರವಿರಲಿಲ್ಲ. ಗಾಂಧಿ ಬಜಾರಿನ ಅಂಗಡಿಯವನನ್ನು ಕೇಳಿದರೆ, "ಮಳೆಗಾಲ ಮುಗೀಲಿ ಮೇಡಂ, ತಾನೇ ಸರಿ ಹೋಗತ್ತೆ" ಎಂದು ನೆಗಡಿಗೆ ಹೇಳಿದ ಹಾಗೆ ಹೇಳಿದ. ರುದ್ರಪ್ಪನವರು ಒಂದು ದಿನ ದಿಕ್ಸೂಚಿ ಹಿಡಿದುಕೊಂಡು ಬಂದು, ಗೋಡೆ ಸಾಲು ದಕ್ಷಿಣಕ್ಕೆ ಮುಖ ಮಾಡಿದೆ, ಇನ್ನೇನಾಗತ್ತೆ ಎಂದರು. ಮೇಜುಗಳನ್ನು ತಿರುಗಿಸಿದೆವು. ಈಗ ಅವು ಉತ್ತರಕ್ಕೆ ಮುಖ ಮಾಡಿ ಮಲಗಿದವು.

ವಿಶ್ವವಿದ್ಯಾಲಯದ ಇಬ್ಬರು ಲ್ಯಾಬ್ ನೋಡಲು ಹತ್ತು ಗಂಟೆಗೆ ಬರುತ್ತೇವೆಂದು ತಿಳಿಸಿದ್ದರು. ಬಂದದ್ದು ಎಂಟೂವರೆಗೆ. ನಾನು ಬಸ್ಸಿಳಿದು ಕಾಲೇಜಿನ ಗೇಟು ಮುಟ್ಟುವಾಗ ಅವರ ಜೀಪು ಹೊರಗೆ ಬರುತ್ತಿತ್ತು. ಓಡಿಹೋಗಿ ಕೈ ಅಡ್ಡ ಹಾಕಿದೆ. ಮುಂದೆ ಕೂತಿದ್ದವರು ಗಾಜು ಇಳಿಸಿ, "ಇಪ್ಪತ್ತರಲ್ಲಿ ಒಂದೂ ಆನ್ ಆಗಿಲ್ಲ ಕಣ್ರೀ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಬರ್ತೀವಿ. ಆಗ್ಲೂ ಹಿಂಗೇ ಇದ್ರೆ ನಿಮ್ ಮಕ್ಕಳು ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋಗ್ಬೇಕಾಗತ್ತೆ" ಎಂದರು. ನಾನು ಒಳಗೆ ಹೋಗಿ ಒಂದೊಂದರ ಸ್ವಿಚ್ ಆರಿಸಿ ಹಾಕಿದೆ. ಇಪ್ಪತ್ತೂ ಎದ್ದವು. ಜೀಪು ಇನ್ನೂ ಊರು ದಾಟಿರಲಿಕ್ಕಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಏನನ್ನಾದರೂ ಎತ್ತಿ ಒಗೆಯಬೇಕೆನಿಸಿತು.

ಮಧ್ಯಾಹ್ನ ರುದ್ರಪ್ಪನವರು ಕರೆಸಿದರು.

"ನೋಡಮ್ಮ, ನೀನು ಮುಟ್ಟಿದ್ರೆ ಏಳ್ತವೆ, ಆರುಮುಗಂ ಮುಟ್ಟಿದ್ರೆ ಏಳಲ್ಲ. ಹಂಗಾದ್ರೆ ಕೆಡಿಸ್ತಿರೋದು ಯಾರು? ನಾನು ಗಿರಣಿ ನಡೆಸಿದೋನು, ಇಷ್ಟು ಗೊತ್ತಾಗಲ್ವಾ?"

"ಅವರು ಬೇಕಂತ ಮಾಡ್ತಾರೆ ಅಂತ ನಂಗೆ ಅನ್ಸಲ್ಲ ಸರ್."

"ಹಂಗಾದ್ರೆ ನಿಂಗೆ ಕೆಲ್ಸ ಬರಲ್ಲ ಅಂತ ಬರ್ಕೊಳ್ಲಾ? ಕಾಲೇಜು ಕಮಿಟಿಗೆ ನಾನು ಏನಾದ್ರೂ ಹೇಳ್ಬೇಕಲ್ಲ. ನೀನೇ ಒಂದು ಕಾಗದ ಬರೆದುಕೊಡು."

ಬರೆದುಕೊಟ್ಟೆ. ನಾನಿಲ್ಲದ ಹೊತ್ತಿನಲ್ಲಿ ಅಟೆಂಡರ್ ಯಂತ್ರಗಳನ್ನು ಮನಸ್ಸಿಗೆ ಬಂದಂತೆ ಮುಟ್ಟುತ್ತಿದ್ದಾರೆ, ಆದ್ದರಿಂದ ಈ ತೊಂದರೆ ಆಗುತ್ತಿದೆ ಎಂದು ಬರೆದು ಸೈನ್ ಹಾಕಿದೆ. ಮೂರು ತಿಂಗಳಿಂದ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕೆಂದು ತಿಳಿಯದೆ ಒದ್ದಾಡುತ್ತಿದ್ದೆ, ಒಬ್ಬರು ಸಿಕ್ಕಿದರು. ಸೋಮವಾರದಿಂದ ಬರಬೇಡಿ ಎಂದು ಆರುಮುಗಂಗೆ ಆಫೀಸಿನಲ್ಲಿ ಹೇಳಿದರಂತೆ. ಅವರು ಬೀಗದ ಕೈ ತಂದು ನನ್ನ ಮೇಜಿನ ಮೇಲಿಟ್ಟು, "ನಾನು ಏನೂ ಮುಟ್ಟಿಲ್ಲ ಮೇಡಂ. ನೀವು ಹೇಳ್ದಂಗೆ ಸ್ವಿಚ್ ಹಾಕಿ ಕೂತ್ಕೊಂಡಿದೀನಿ, ಅಷ್ಟೇ" ಎಂದರು. ನಾನು ಫ್ಲಾಪಿಗಳನ್ನು ಎಣಿಸುತ್ತಿರುವವಳಂತೆ ತಲೆ ತಗ್ಗಿಸಿಕೊಂಡೆ.

ಸೋಮವಾರದಿಂದ ಏಳೂ ಕಾಲಿನ ಬಸ್ಸು ಹಿಡಿದು ನಾನೇ ಬಂದು ಬಾಗಿಲು ತೆಗೆದೆ. ಇಪ್ಪತ್ತೂ ಎದ್ದವು. ಮಂಗಳವಾರವೂ ಎದ್ದವು. ವಾರವಿಡೀ ಒಂದೂ ತಕರಾರು ಮಾಡಲಿಲ್ಲ. ಗೋಡೆ ಮಾತ್ರ ಮೊದಲಿಗಿಂತ ಹೆಚ್ಚು ಒದ್ದೆಯಾಗಿತ್ತು. "ನಾನು ಹೇಳ್ಲಿಲ್ವಾ?" ಎಂದು ರುದ್ರಪ್ಪನವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳಿದರು. ಆರುಮುಗಂ ಮಿಷಿನ್ ಕೆಡಿಸುತ್ತಿದ್ದ, ಕಾರ್ಖಾನೆಯ ಕೆಲಸ ಹೋದ ಹೊಟ್ಟೆಕಿಚ್ಚಿಗೆ ಹಾಗೆ ಮಾಡುತ್ತಿದ್ದ ಎಂದು ಕ್ಯಾಂಟೀನಿನವರೆಗೂ ಮಾತಾಯಿತು. ನಾನೂ ನಂಬಿದೆ. ಕಣ್ಣೆದುರಿಗೆ ಇಪ್ಪತ್ತು ಕಂಪ್ಯೂಟರ್ ಓಡುತ್ತಿರುವಾಗ ಹೇಗೆ ನಂಬದಿರಲಿ? ಹದಿನೈದು ದಿನ ಬಿಟ್ಟು ಬಂದ ವಿಶ್ವವಿದ್ಯಾಲಯದವರು ತಲೆಯಾಡಿಸಿ, ಕಾಫಿ ಕುಡಿದು, ಒಪ್ಪಿಗೆ ಕೊಟ್ಟು ಹೋದರು.

ಅದಾದ ಎರಡು ದಿನಕ್ಕೆ, ಆರುಮುಗಂ ಜಾಗಕ್ಕೆ ಹೊಸದಾಗಿ ಬಂದ ಸರೋಜಮ್ಮ ಲ್ಯಾಬ್ ಗುಡಿಸುತ್ತ ಒಳಕೋಣೆಯ ಬಾಗಿಲನ್ನು ಎಳೆದು ಮುಚ್ಚಿದರು. ಅದು ಸದಾ ಗೋಡೆಗೆ ಒರಗಿಯೇ ಇರುತ್ತಿದ್ದ ಬಾಗಿಲು. ಅದರ ಹಿಂದೆ ಏನಿದೆಯೆಂದು ನಾನು ಒಂದು ದಿನವೂ ನೋಡಿದವಳಲ್ಲ.

"ಮೇಡಂ, ಇಲ್ಲೇನೋ ಕಾಗ್ದ ಅಂಟ್ಸಿದಾರೆ. ಕಿತ್ತು ಹಾಕ್ಲಾ?"

ಗೆರೆ ಎಳೆದ ಹಾಳೆ. ದುಂಡಗಿನ ಅಕ್ಷರ. ಮೇಲೆ 'ಚಾಲೂ ಮಾಡುವ ಕ್ರಮ' ಎಂಬ ತಲೆಬರಹ. ಒಂದರಿಂದ ಎಂಟು ಗೋಡೆ ಪಕ್ಕದವು, ಒಂಬತ್ತರಿಂದ ಹದಿನಾಲ್ಕು ನಡುವಿನವು, ಆಮೇಲೆ ಕಿಟಕಿಯವು. ಕೆಳಗೆ ಕೆಂಪು ಶಾಯಿಯಲ್ಲಿ: 'ಗಮನಿಸಿ. ದೊಡ್ಡ ಮಿಷಿನ್ ಕಟ್ಟಕಡೆಗೆ. ಮುಂದಿನವು ಎಲ್ಲಾ ಚಾಲೂ ಆಗದೆ ಹಿಂದಿನದನ್ನು ಬಿಡಬಾರದು.' ಅದರಡಿ ಆರುಮುಗಂ ಅವರ ಸೈನು.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಸರ್ವರನ್ನು ಅವರು ಎಲ್ಲಕ್ಕಿಂತ ಕೊನೆಯಲ್ಲಿ ಹಾಕುತ್ತಿದ್ದರು. ಅದು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ, ಮೊದಲು ಹಾಕಿದ ಗೋಡೆ ಸಾಲಿನವು ಕೂಗಿ ಕೂಗಿ ಸುಮ್ಮನಾಗಿರುತ್ತಿದ್ದವು. ಆಮೇಲೆ ಹಾಕಿದ ನಡುವಿನವು, ಕಿಟಕಿಯವು ಇನ್ನೂ ಕೂಗುತ್ತಿದ್ದದ್ದರಿಂದ ಅವಕ್ಕೆ ಉತ್ತರ ಸಿಗುತ್ತಿತ್ತು. ಹಿಂದಿನ ಸಂಜೆ ಕರೆಂಟು ದಿಢೀರನೆ ಹೋಗಿದ್ದರೆ ಸರ್ವರ್ ತನ್ನ ಡಿಸ್ಕನ್ನೆಲ್ಲ ತಪಾಸಣೆ ಮಾಡಿಕೊಂಡು ಏಳಲು ಇನ್ನೂ ತಡವಾಗುತ್ತಿತ್ತು, ಆಗ ಇಪ್ಪತ್ತೂ ಮಲಗುತ್ತಿದ್ದವು. ಒಂಬತ್ತಕ್ಕೆ ನಾನು ಬಂದು ಸ್ವಿಚ್ ಹಾಕುವಾಗ ಸರ್ವರ್ ಎದ್ದು ಕೂತಿರುತ್ತಿತ್ತು. ನನ್ನ ಕೈಗುಣ ಇಷ್ಟೇ. ಸರ್ವರನ್ನು ಮೊದಲು ಹಾಕಬೇಕು ಎನ್ನುವುದು ನನಗೆ ಎಷ್ಟು ಸಹಜವಾಗಿತ್ತೆಂದರೆ, ಅದನ್ನು ಬಾಯಿಬಿಟ್ಟು ಯಾರಿಗಾದರೂ ಹೇಳಬೇಕು ಎಂದೇ ಹೊಳೆದಿರಲಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ.

ಅವತ್ತೇ ಎದ್ದು ರುದ್ರಪ್ಪನವರ ಕೋಣೆಗೆ ಹೋಗಬೇಕಿತ್ತು. ಬಾಗಿಲವರೆಗೆ ಹೋದೆ ಕೂಡ. ಒಳಗೆ ಅವರು ಫೋನಿನಲ್ಲಿ ಕಮಿಟಿಯ ಯಾರಿಗೋ ನನ್ನ ಹೆಸರು ಹೇಳಿ, "ಚುರುಕು ಹುಡುಗಿ, ರೋಗ ಎಲ್ಲಿದೆ ಅಂತ ಅವಳೇ ಕಂಡುಹಿಡಿದ್ಲು" ಎನ್ನುತ್ತಿದ್ದರು. ಖಾಯಂ ಮಾಡುವ ಕಾಗದ ಮುಂದಿನ ವಾರದ ಸಭೆಗೆ ಹೋಗುವುದಿತ್ತು. ನಾನು ಹಿಂದಿರುಗಿದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ವ್ಯಾನಿಟಿ ಬ್ಯಾಗಿನ ಒಳಜೇಬಿಗೆ ಹಾಕಿದೆ. ಅದು ಅಲ್ಲಿ ಹನ್ನೊಂದು ದಿನ ಇತ್ತು. ದಿನಾ ಬಸ್ಸಿನಲ್ಲಿ ಚಿಲ್ಲರೆ ಹುಡುಕುವಾಗ ಬೆರಳಿಗೆ ತಾಗುತ್ತಿತ್ತು. ಆ ಹನ್ನೊಂದು ದಿನ ನಾನು ಎಲ್ಲರ ಮೇಲೂ ಹರಿಹಾಯ್ದೆ: ಅಮ್ಮನ ಮೇಲೆ, ಕಂಡಕ್ಟರ್ ಮೇಲೆ, ಏನೂ ಅರಿಯದ ಸರೋಜಮ್ಮನ ಮೇಲೆ.

ಹನ್ನೆರಡನೆಯ ದಿನ ಆದೇಶ ಕೈಗೆ ಬಂತು. ಅದನ್ನು ಬ್ಯಾಗಿಗೆ ಹಾಕಿಕೊಂಡ ಮೇಲೆ ರುದ್ರಪ್ಪನವರಿಗೆ ವಿಷಯ ಹೇಳಿದೆ. ಆರುಮುಗಂ ಏನೂ ಕೆಡಿಸಿಲ್ಲ, ತಪ್ಪು ನನ್ನದು, ಅವರನ್ನು ವಾಪಸ್ ಕರೆಸಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಈಗ ಎಲ್ಲ ನೆಟ್ಟಗಿದೆಯಲ್ಲಮ್ಮ. ಸುಮ್ನೆ ಯಾಕೆ ಕೆದಕ್ತೀಯ? ಬೇಕಾದ್ರೆ ಅವನೇ ಬಂದು ಕೇಳ್ಲಿ, ನೋಡಣ."

ಸಂಜೆ ಹೊಳೆ ದಾಟಿ ಹಳೇ ಊರಿನ ಕಡೆ ವಿಚಾರಿಸಿಕೊಂಡು ಆರುಮುಗಂ ಅವರ ಮನೆ ಹುಡುಕಿದೆ. ಬಾಡಿಗೆಯ ಒಂಟಿ ಕೋಣೆಯ ಮನೆ. ನನ್ನನ್ನು ಕಂಡು ಅವರು ಎದ್ದು ಅಂಗಿ ಹಾಕಿಕೊಂಡರು. ಅವರ ಹೆಂಡತಿ ಕಾಫಿ ತಂದಿಟ್ಟು ಒಲೆಯ ಕಡೆಗೆ ಹೋದರು.

"ಮಿಷಿನ್ ಎಲ್ಲ ಏಳ್ತಾವಾ ಮೇಡಂ?"

"ಏಳ್ತವೆ."

"ಗೋಡೆ ಸಾಲೂ?"

"ಅದೂನೂ."

ಅವರು ತಲೆಯಾಡಿಸಿದರು. ನಾನು ಹಾಳೆಯನ್ನು ತೆಗೆದು ಕೊಟ್ಟೆ. ಯಾಕೆ ಹೀಗೆ ಬರೆದಿರಿ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಬೆಲ್ಟ್ ಹಂಗೇ ಅಲ್ವಾ ಮೇಡಂ? ಮುಂದಿನ ಬೆಲ್ಟ್ ಮೊದ್ಲು ಓಡ್ಬೇಕು, ಆಮೇಲೆ ಅದರ ಹಿಂದಿಂದು, ಸಾಮಾನು ಬಿಡೋ ದೊಡ್ಡ ಮಿಷಿನ್ ಕಟ್ಟಕಡೆಗೆ. ಉಲ್ಟಾ ಮಾಡಿದ್ರೆ ಅದಿರೆಲ್ಲ ಒಂದೇ ಕಡೆ ಗುಡ್ಡೆ ಬಿದ್ದು ಬೆಲ್ಟ್ ಕಿತ್ತು ಹೋಗತ್ತೆ. ಮೂವತ್ತು ವರ್ಷ ಒಂದು ಬೆಲ್ಟ್ ಕೀಳೋಕೆ ಬಿಟ್ಟಿಲ್ಲ ನಾನು. ಇಲ್ಲೂ ದೊಡ್ಡದೇ ತಾನೇ ಎಲ್ಲಾರಿಗೂ ಸಾಮಾನು ಕಳ್ಸೋದು? ನೀವೇ ಮಕ್ಕಳಿಗೆ ಪಾಠ ಹೇಳ್ವಾಗ ಕೇಳಿಸ್ಕೊಂಡೆ."

ಕಂಪ್ಯೂಟರ್ ಎದ್ದ ಕೂಡಲೇ ವಿಳಾಸ ಕೇಳುವುದು, ಉತ್ತರವಿಲ್ಲದಿದ್ದರೆ ಸುಮ್ಮನಾಗುವುದು ಎಲ್ಲವನ್ನೂ ಅವರಿಗೆ ಹೇಳಿದೆ. ಅರ್ಧದಲ್ಲೇ ಕೈಯೆತ್ತಿ ತಡೆದರು.

"ಗೊತ್ತಾಯ್ತು. ಇದು ಬೆಲ್ಟ್ ಅಲ್ಲ, ಶಿಫ್ಟಿಗೆ ಬಂದ ಆಳು. ಗೇಟಲ್ಲಿ ಟೋಕನ್ ಕೊಡೋನು ಮೊದ್ಲೇ ಬಂದು ಕೂತಿರ್ಬೇಕು. ಅವ್ನಿಲ್ದಿದ್ರೆ ಸ್ವಲ್ಪ ಹೊತ್ತು ನಿಂತು ವಾಪಸ್ ಹೋಗ್ತಾರೆ."

ನಾನು ಮಕ್ಕಳಿಗೆ ಎರಡು ತರಗತಿ ತೆಗೆದುಕೊಂಡು ಹೇಳಿದ್ದನ್ನು ಅವರು ಎರಡು ಉಸಿರಿನಲ್ಲಿ ಹೇಳಿಬಿಟ್ಟರು. "ದಿನಾ ಕೇಳ್ತಿದ್ರಿ ಮೇಡಂ, ಆನ್ ಮಾಡಿದ್ರಾ ಅಂತ. ಯಾವಾಗ ಮಾಡಿದ್ರಿ ಅಂತ ಒಂದ್ಸಲ ಕೇಳಿದ್ರೆ ಹೇಳ್ತಿದ್ದೆನಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ವಾಪಸ್ ಬನ್ನಿ, ನಾನು ಮಾತಾಡುತ್ತೇನೆ ಎಂದೆ. "ಬೇಡ ಮೇಡಂ. ಮಿಷಿನ್ ಕೆಡಿಸ್ದೋನು ಅಂತ ಊರಲ್ಲಿ ಮಾತಾಗೋಯ್ತು. ಆ ಸ್ಟೂಲ್ ಮೇಲೆ ಇನ್ನು ಕೂತ್ಕೊಳಕ್ಕಾಗಲ್ಲ" ಎಂದರು. ಆಮೇಲೆ ಗೂಡಿನಿಂದ ಪೆನ್ನು ತೆಗೆದು, ಹಾಳೆಯನ್ನು ತೊಡೆಯ ಮೇಲೆ ಹರಡಿ, ಕೆಂಪು ಸಾಲಿನ ಮೇಲೆ ನೇರವಾಗಿ ಒಂದು ಗೀಟು ಎಳೆದರು. ಪಕ್ಕದಲ್ಲಿ 'ಮೊದಲು ದೊಡ್ಡ ಮಿಷಿನ್. ಪೂರ್ತಿ ಎದ್ದ ಮೇಲೆ ಉಳಿದವು' ಎಂದು ಬರೆದರು.

"ಹೊಸಬ್ರಿಗೆ ಕೊಡಿ ಮೇಡಂ. ಅವ್ರೂ ಸಿಕ್ಕಾಕ್ಕೋಬಾರ್ದು. ಕಾರ್ಖಾನೇಲಿ ಕ್ರಮ ತಿದ್ದಿದ್ರೆ ಎರಡು ತಾರೀಕು, ಎರಡು ಸೈನು ಬೇಕು. ತಪ್ಪು ಕಂಡ ತಾರೀಕು, ತಿದ್ದಿದ ತಾರೀಕು. ತಿದ್ದಿದ್ದು ಇವತ್ತು." ಪೆನ್ನನ್ನು ಹಾಳೆಯ ಮೇಲೆ ಹಿಡಿದು ನನ್ನ ಮುಖ ನೋಡಿದರು. "ನಿಮ್ಗೆ ಇದು ಸಿಕ್ಕಿದ್ದು ಯಾವತ್ತು?"

ಬ್ಯಾಗು ನನ್ನ ಮಡಿಲಲ್ಲಿತ್ತು. ಅದರೊಳಗೆ ಖಾಯಂ ಆದೇಶ ಇತ್ತು.

"ನಿನ್ನೆ" ಎಂದೆ.

ಅವರು ನಿನ್ನೆಯ ತಾರೀಕನ್ನು ದುಂಡಗೆ ಬರೆದರು, ಅದರಡಿ ತಮ್ಮ ಸೈನ್ ಹಾಕಿ, ಹಾಳೆಯನ್ನೂ ಪೆನ್ನನ್ನೂ ನನ್ನ ಕಡೆ ಚಾಚಿದರು. ನಾನು ಅದರ ಕೆಳಗೆ ನನ್ನ ಸೈನ್ ಹಾಕಿದೆ.